ಕುಳಗಿಯೋ, ಅಣಶಿಯೋ, ಹೆಮ್ಮಡಗಾವೋ?

ಬೆಳಗಾವಿಯ ಟಿಳಕವಾಡಿಯ ನಮ್ಮ ಓಣಿಯಲ್ಲಿ ದೀಪಾವಳಿ ಮುಗಿಯಿತೆಂದರೆ ಯಾರಾದರೊಬ್ಬರು ಬಂದು ಕೇಳುತ್ತಾರೆ: "ಅಕ್ಕಾರ, ಕಾಡಿನ್ಯಾಗ ಒಂದ್ ರಾತ್ರಿ ಇದ್ದು ಬರಬೇಕಂತ ಮಾಡೇವ್ರಿ. ಕುಳಗಿಗೆ ಹೋಗೂಣೋ, ಅಣಶಿಗೆ ಹೋಗೂಣೋ? ಇಲ್ಲೇ ಹೆಮ್ಮಡಗಾ ನಡಿತೈತೋ?" ಎರಡು ವರ್ಷದಲ್ಲಿ ಈ ಮೂರೂ ಕಡೆ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರಗಳಲ್ಲಿ ನಾವು ಮಲಗಿ ಬಂದಿದ್ದೇವೆ. ನಾವು ಅಂದರೆ ನಾನು, ನಮ್ಮ ಮನೆಯವರು, ಆರನೆಯ ಇಯತ್ತೆಯ ಮಗಳು ಮತ್ತು ಎಪ್ಪತ್ತೊಂದು ವರ್ಷದ ನಮ್ಮ ಅತ್ತೆ. ಕುಳಗಿಗೆ ಡಿಸೆಂಬರಿನಲ್ಲಿ ಹೋಗಿದ್ದೆವು, ಅಣಶಿಗೆ ಅಕ್ಟೋಬರಿನಲ್ಲೊಮ್ಮೆ, ಫೆಬ್ರುವರಿಯಲ್ಲೊಮ್ಮೆ. ಹೆಮ್ಮಡಗಾಕ್ಕೆ ಹೋದದ್ದು ಮೇ ಕೊನೆಯಲ್ಲಿ.

ನನ್ನ ಅಳತೆ ಒಂದೇ. ಹಗಲಿನ ಕಾಡನ್ನು ಬೆಳಗಾವಿಯಿಂದ ಮುಂಜಾನೆ ಹೊರಟು ಸಂಜೆ ತಿರುಗಿ ಬರುವವರೂ ನೋಡಬಹುದು. ಶಿಬಿರದಲ್ಲಿ ಉಳಿಯುವುದು ಕತ್ತಲಿಗಾಗಿ. ಸಂಜೆ ಆರರಿಂದ ಮುಂಜಾನೆ ಆರರವರೆಗೆ ಯಾವ ಜಾಗ ಏನು ಕೊಟ್ಟಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಫಾರಿಯಲ್ಲಿ ಎಷ್ಟು ಪ್ರಾಣಿ ಕಂಡವು ಎಂಬ ಲೆಕ್ಕ ನಾನು ಇಟ್ಟಿಲ್ಲ.

ಈ ಮೂರನ್ನೂ ಬಹಳ ಜನ "ದಾಂಡೇಲಿ ಕಡೆ" ಎಂದು ಒಂದೇ ಗಂಟಿಗೆ ಕಟ್ಟುತ್ತಾರೆ. ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕುಳಗಿ ಇರುವುದು ಅದಕ್ಕಿಂತ ಹಳೆಯ ದಾಂಡೇಲಿ ಅಭಯಾರಣ್ಯದ ಮಗ್ಗುಲಲ್ಲಿ. 2007ರಲ್ಲಿ ಎರಡನ್ನೂ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು, 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಹೆಮ್ಮಡಗಾ ಮಾತ್ರ ನಮ್ಮದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನದು, 2011ರಲ್ಲಿ ಘೋಷಣೆಯಾದ ಭೀಮಗಡ ಅಭಯಾರಣ್ಯಕ್ಕೆ ಸೇರಿದ್ದು. ನಕಾಶೆಯಲ್ಲಿ ಇವು ಹತ್ತಿರ ಕಂಡರೂ ಕಾಡಿನ ಜಾತಿಯೇ ಬೇರೆ ಬೇರೆ, ಹಾಗಾಗಿ ರಾತ್ರಿಯೂ ಬೇರೆ.

ಕುಳಗಿಗೆ ನಾವು ಖಾನಾಪುರ, ನಂದಗಡ, ಹಳಿಯಾಳದ ಮೇಲೆ ಹೋದೆವು. ನಂದಗಡದಲ್ಲಿ ರಾಯಣ್ಣನ ಸಮಾಧಿಗೆ ಕೈಮುಗಿಯದೆ ಅತ್ತೆ ಮುಂದೆ ಬಿಡಲಿಲ್ಲ. ದಾಂಡೇಲಿ ದಾಟಿ ಅಂಬಿಕಾನಗರದ ದಾರಿಯಲ್ಲಿ ಹನ್ನೆರಡು ಕಿಲೋಮೀಟರು ಹೋದರೆ ಶಿಬಿರ. ಸುತ್ತ ಸಾಗವಾನಿ ಮತ್ತು ಬಿದಿರು. ಎಲೆ ಉದುರಿಸುವ ಕಾಡು ಅದು, ಚಳಿಗಾಲ ಕಳೆಯುತ್ತಿದ್ದಂತೆ ಮರಗಳ ನಡುವೆ ದೂರದವರೆಗೆ ಕಣ್ಣು ಹಾಯುತ್ತದೆ. ಪ್ರಾಣಿ ಕಾಣುವ ಸಾಧ್ಯತೆ ಇಲ್ಲಿ ಹೆಚ್ಚಾಗಿರುವುದು ಇದೇ ಕಾರಣಕ್ಕೆ. ನಮಗೆ ಸಂಜೆ ಚುಕ್ಕೆ ಜಿಂಕೆಗಳ ಹಿಂಡು, ಮುಂಜಾನೆ ಒಂದು ಒಂಟಿ ಕಾಡುಕೋಣ ಕಂಡವು. ಮಂಗಟ್ಟೆ ಹಕ್ಕಿಗಳಂತೂ (ಹಾರ್ನ್‌ಬಿಲ್) ಸಾಲುಸಾಲು. ದಾಂಡೇಲಿ ಸುತ್ತ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ದೊಡ್ಡ ಮಂಗಟ್ಟೆ ಹಾರುವಾಗ ರೆಕ್ಕೆಯಿಂದ ಬರುವ ಬುಸುಬುಸು ಸದ್ದನ್ನು ಮಗಳು ತಲೆ ಎತ್ತುವ ಮೊದಲೇ ಗುರುತಿಸತೊಡಗಿದಳು.

ರಾತ್ರಿ? ಡೇರೆಯ ಬಟ್ಟೆಯ ಮೇಲೆ ಸಾಗವಾನಿ ಎಲೆ ಬೀಳುವ ಸದ್ದನ್ನು ಮೊದಲ ಸಲ ಕೇಳಿದವರಿಗೆ ಯಾರೋ ಹೆಜ್ಜೆ ಇಟ್ಟರೆಂದೇ ಅನಿಸುತ್ತದೆ. ಮುಖದಷ್ಟಗಲದ ಎಲೆ, ಇಬ್ಬನಿಯಿಂದ ಭಾರವಾಗಿ ಬೀಳುತ್ತದೆ. ಗಾಳಿ ಬಂದಾಗ ಬಿದಿರಿನ ಮೆಳೆ ಹಳೆಯ ಬಾಗಿಲಿನಂತೆ ಕಿರಗುಟ್ಟುತ್ತದೆ. ಹತ್ತರ ಸುಮಾರಿಗೆ ಜಿಂಕೆಯೊಂದು ಎಚ್ಚರಿಕೆಯ ಕೂಗು ಹಾಕಿತು, ಸ್ವಲ್ಪ ಹೊತ್ತಿಗೆ ಇನ್ನೊಂದು ದಿಕ್ಕಿನಿಂದ ಕಡವೆಯ ದಪ್ಪ ದನಿ. ಏನೋ ಒಂದು ಆ ಎರಡರ ನಡುವೆ ನಡೆದು ಹೋಯಿತು. ಮುಂದಿನದನ್ನು ಕೇಳಬೇಕೆಂದು ಕಿವಿ ತೆರೆದರೆ ಪಕ್ಕದ ಡೇರೆಯವರು ಮೊಬೈಲಿನಲ್ಲಿ ಹಾಡು ಹಚ್ಚಿದ್ದರು. ಹನ್ನೊಂದೂವರೆಯವರೆಗೆ ನಡೆಯಿತು. ಅದು ಶನಿವಾರ, ಕ್ರಿಸ್‌ಮಸ್ ರಜೆ ಬೇರೆ. ಕುಳಗಿ ಎಲ್ಲರಿಗೂ ಗೊತ್ತಿರುವ ಜಾಗ, ರಜೆಯಲ್ಲಿ ತುಂಬಿರುತ್ತದೆ. ಆದರೆ ಸಣ್ಣ ಮಕ್ಕಳು, ಮೊಣಕಾಲು ನೋವಿನ ಹಿರಿಯರು ಇದ್ದ ಮನೆಗೆ ಮೊದಲ ಸಲ ಇದೇ ಸರಿ. ನೆಲ ಸಮತಟ್ಟು, ನಾವಿದ್ದ ಡೇರೆಗೆ ಬಚ್ಚಲು ಹೊಂದಿಕೊಂಡೇ ಇತ್ತು, ಅನ್ನ ಸಾರು ಪಲ್ಯ ಬಿಸಿಬಿಸಿ. ಮಂಗಳವಾರ ಬುಧವಾರ ಹೋಗಿ ಎಂದಷ್ಟೇ ನನ್ನ ಮಾತು.

ಅಣಶಿಯ ಬಗ್ಗೆ ಬರೆಯಲು ನನಗೆ ಹೆಚ್ಚು ಇದೆ.

ಅಕ್ಟೋಬರಿನ ಮೊದಲ ವಾರ ಹೊರಟೆವು. ರಾಮನಗರದ ಮೇಲೆ ಗಣೇಶಗುಡಿ, 101 ಮೀಟರು ಎತ್ತರದ ಸೂಪಾ ಅಣೆಕಟ್ಟು, ಜೋಯಿಡಾ, ಕುಂಬಾರವಾಡಾ. ಜೋಯಿಡಾದಿಂದ ಮುಂದೆ ಹಸಿರು ಕಪ್ಪಾಗುತ್ತ ಹೋಗುತ್ತದೆ. ಇದು ವರ್ಷವಿಡೀ ಎಲೆ ಹೊತ್ತು ನಿಲ್ಲುವ ಕಾಡು, ಬಿಸಿಲು ನೆಲ ಮುಟ್ಟುವುದು ಚೂರುಚೂರಾಗಿ. ಹತ್ತು ಮಾರು ಆಚೆ ಆನೆ ನಿಂತರೂ ಕಾಣುವುದು ಅನುಮಾನ. ಕಾಳಿಂಗ ಸರ್ಪ, ಕರಿಚಿರತೆಯ ಸೀಮೆ ಎಂದು ಹೆಸರು, ನಮಗೆ ಕಂಡದ್ದು ಕೆಂಜಳಿಲು ಒಂದೇ. ಪ್ರಾಣಿ ನೋಡಲು ದುಡ್ಡು ಕೊಟ್ಟೆವು ಎಂದುಕೊಂಡು ಬರುವವರು ಇಲ್ಲಿ ಬೇಜಾರಾಗುತ್ತಾರೆ.

ಕತ್ತಲಾದ ಮೇಲೆ ಮಾತು ಬೇರೆ. ಆರೂವರೆಗೆ ಜೀರುಂಡೆಗಳ ಗದ್ದಲ ಒಮ್ಮೆಲೇ ಏರಿ, ಯಾರೋ ಕೈ ಸನ್ನೆ ಮಾಡಿದಂತೆ ನಿಂತಿತು. ಅದು ನಿಂತಲ್ಲಿಂದ ಕಪ್ಪೆಗಳು ಶುರು. ಒಂದು ಕಲ್ಲಿಗೆ ಕಲ್ಲು ಬಡಿದಂತೆ ಟಕಟಕ, ಇನ್ನೊಂದು ಮೇಲೆ ಎಲೆಯ ನಡುವಿನಿಂದ ಸಣ್ಣಗೆ ಕಿಣಿಕಿಣಿ, ಹಳ್ಳದ ಕಡೆಯಿಂದ ಮತ್ತೊಂದು. ಎಂಟಕ್ಕೆ ಮಳೆ ಬಂತು. ಮಳೆ ನಿಂತ ಮೇಲೂ ಒಂದು ತಾಸು ಮರಗಳು ತಾವೇ ಸುರಿಯುತ್ತಿದ್ದವು. ಮಗಳು ಬ್ಯಾಟರಿ ಹಚ್ಚಿ ಹಚ್ಚಿ ನೋಡುತ್ತಿದ್ದಳು. ಅತ್ತೆ ಅಂದರು, "ದೀಪಾ ಯಾಕ ಹಚ್ಚತಿ ತಂಗಿ? ಕತ್ತಲೀನ ನೋಡಾಕ ಬಂದೀವಿ. ಕಣ್ಣಿಗೆ ಹೊತ್ತ ಕೊಡು, ತಾನ ಕಾಣತೈತಿ." ನಮ್ಮ ಜಿಲ್ಲೆಯದೇ ಆದ ಎಂ.ಕೆ. ಹುಬ್ಬಳ್ಳಿಯ ಹತ್ತಿರ ತವರಿನ ಜೋಳದ ಹೊಲ ಕಾಯುತ್ತ ಅಟ್ಟಣಿಗೆ ಮೇಲೆ ರಾತ್ರಿ ಕಳೆದವರು ಅವರು. ಹೇಳಿದಂತೆಯೇ ಆಯಿತು. ಇಪ್ಪತ್ತು ನಿಮಿಷ ಸುಮ್ಮನೆ ಕುಳಿತ ಮೇಲೆ ಮರದ ಬುಡ, ಕಾಲುದಾರಿ, ಎಲೆಯ ಮೇಲಿನ ನೀರು ಎಲ್ಲ ಬೂದು ಬಣ್ಣದಲ್ಲಿ ಮೂಡಿ ಬಂದವು. ನಮ್ಮ ಯಾರ ಮೊಬೈಲಿಗೂ ಸಿಗ್ನಲ್ ಇರಲಿಲ್ಲ, ಅದೂ ಅನುಕೂಲವೇ ಆಯಿತು. ಮುಂಜಾನೆ ಎಬ್ಬಿಸಿದ್ದು ಮಲಬಾರ್ ವಿಸ್ಲಿಂಗ್ ಥ್ರಶ್ ಎಂಬ ಹಕ್ಕಿ. ಹಾಡಿನ ಸಾಲು ಮರೆತವರು ಧಾಟಿಯನ್ನಷ್ಟೇ ಸಿಳ್ಳೆಯಲ್ಲಿ ಹುಡುಕುತ್ತಿರುವಂತೆ ಅದರ ಕೂಗು. ನನ್ನ ಜೀವನದಲ್ಲಿ ಅಂಥ ಬೆಳಗು ಎರಡನೆಯದಿಲ್ಲ.

ಕಷ್ಟವೂ ಹೇಳಬೇಕು. ಉಂಬಳ. ನಮ್ಮ ಕಡೆ ಜಿಗಳಿ ಅನ್ನುತ್ತೇವಲ್ಲ, ಅದರ ನೆಲದ ತಮ್ಮ. ಮಳೆ ಮುಗಿದ ಮೇಲೂ ಕೆಲವು ವಾರ ಇರುತ್ತವೆ. ಮಗಳ ಕಾಲಿಗೆ ಮೂರು ಹತ್ತಿದ್ದವು. ಕಿತ್ತು ಎಳೆಯಬಾರದು, ಒಂದು ಚಿಟಿಕೆ ಉಪ್ಪು ಸಾಕು, ತಾನೇ ಬೀಳುತ್ತದೆ. ಎರಡನೆಯ ದಿನ ಅತ್ತೆ ತಮ್ಮ ಎಲೆ ಅಡಿಕೆ ಚೀಲದ ತಂಬಾಕು ನೆನೆಸಿದ ನೀರನ್ನು ಎಲ್ಲರ ಕಾಲುಚೀಲಕ್ಕೆ ಹಚ್ಚಿದರು, ಆಮೇಲೆ ಒಂದೂ ಏರಲಿಲ್ಲ. ಬಟ್ಟೆ ಒಣಗುವುದಿಲ್ಲ, ಹಾಸಿಗೆ ಕೂಡ ತಂಪುತಂಪು. ತೇವ ಆಗದವರು, ದಮ್ಮು ಇದ್ದವರು ಈ ತಿಂಗಳಲ್ಲಿ ಹೋಗುವುದು ಬೇಡ.

ಫೆಬ್ರುವರಿಯಲ್ಲಿ ಮತ್ತೆ ಹೋದದ್ದು ಭಾರತ ಹುಣ್ಣಿಮೆಗೆ, ಉಳವಿ ಚನ್ನಬಸವಣ್ಣನ ಜಾತ್ರೆಗೆಂದು. ಕುಂಬಾರವಾಡಾದಿಂದ ಒಳಗೆ ಹೋದರೆ ಉಳವಿ. ನಮ್ಮ ಬೆಳಗಾವಿ, ಧಾರವಾಡ ಕಡೆಯ ಚಕ್ಕಡಿಗಳು ಕಾಡಿನ ರಸ್ತೆಯಲ್ಲಿ ಸಾಲಾಗಿ ಗೆಜ್ಜೆ ಸದ್ದು ಮಾಡುತ್ತ ಹೋಗುವುದನ್ನು ನೋಡುವುದೇ ಒಂದು ಭಾಗ್ಯ. ಆದರೆ ರಾತ್ರಿಯ ಅಣಶಿ ಅಕ್ಟೋಬರಿನದಾಗಿರಲಿಲ್ಲ. ಹಳ್ಳ ಬಡಕಲಾಗಿತ್ತು, ಕಪ್ಪೆಗಳಿಲ್ಲ. ನಡುರಾತ್ರಿ ಕಾಡುಕುರಿಯೊಂದು ನಾಯಿಯಂತೆ ನಾಲ್ಕು ಸಲ ಬೊಗಳಿ ಸುಮ್ಮನಾಯಿತು. ಜಾತ್ರೆಯ ವಾಹನಗಳು ಕಾರವಾರ ರಸ್ತೆಯಲ್ಲಿ ಹೊತ್ತು ಮೀರಿ ಓಡಾಡಿದವು. ಚೆನ್ನಾಗಿತ್ತು, ಆದರೆ ಮೂರು ತಾಸು ಪ್ರಯಾಣ ಮಾಡಿ ಇದಕ್ಕಾಗಿಯೇ ಬರಬೇಕು ಎನಿಸಲಿಲ್ಲ. ಅಣಶಿಯ ಜೀವ ನೀರಿನಲ್ಲಿದೆ.

ನಡುವೆ ಒಂದು ಸಲ ಕಾಳಿ ನದಿ ದಂಡೆಯ ಖಾಸಗಿ ರೆಸಾರ್ಟಿನಲ್ಲಿಯೂ ಉಳಿದೆವು, ಹೆಸರು ಬೇಡ. ಸೂಪಾದಿಂದ ವಿದ್ಯುತ್ತಿಗಾಗಿ ಬಿಟ್ಟ ನೀರಿನಲ್ಲಿ ರಾಫ್ಟಿಂಗ್ ಮಾಡಿದ್ದು ಮಗಳಿಗೆ ಬಹಳ ಖುಷಿ. ರಾತ್ರಿ ಹನ್ನೆರಡರವರೆಗೆ ಡಿಜೆ, ಮರಗಳಿಗೆ ಬಣ್ಣದ ದೀಪ. ದೀಪದ ಬೆಳಕಿಗೆ ಸುತ್ತುತ್ತಿದ್ದ ಹುಳುಗಳನ್ನು ನೋಡಿ ನನಗೆ ಸಂಕಟವಾಯಿತು. ಕಾಡಿನ ಅಂಚಿನಲ್ಲಿ ಕತ್ತಲೆಯನ್ನೇ ಕಿತ್ತುಕೊಂಡರೆ ಅಲ್ಲಿಗೆ ಹೋಗುವುದು ಯಾಕೆ? ನೀರಾಟ ಬೇಕಾದವರು ಹಗಲಿಗೆ ಹೋಗಿ ಬರಲಿ.

ಇನ್ನು ಹೆಮ್ಮಡಗಾ. ಮನೆ ಬಿಟ್ಟು ಒಂದೂವರೆ ತಾಸಿನೊಳಗೆ ಮುಟ್ಟಿದೆವು. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿಕೊಂಡು ಹೊರಟರೂ ಸಂಜೆಯ ಬೆಳಕು ಸಿಗುವ ಕಾಡು ಇದೊಂದೇ. ಹೋದ ದಿನ ಮೋಡ ಕಟ್ಟಿತ್ತು, ಸೆಕೆ ವಿಪರೀತ. ಊಟವಾದ ಮೇಲೆ ಒಂದು ಮರ ಮಿನುಗಿತು. ಆಮೇಲೆ ಅದರ ಪಕ್ಕದ್ದು. ಮಿಂಚುಹುಳ. ಮುಂಗಾರಿಗೆ ಮುಂಚಿನ ಎರಡು ಮೂರು ವಾರ ಅವುಗಳ ಕಾಲ. ಸ್ವಲ್ಪ ಹೊತ್ತಿಗೆ ಇಳಿಜಾರಿನ ಮರಗಳೆಲ್ಲ ಒಂದೇ ಲಯಕ್ಕೆ ಹೊತ್ತಿ ಆರತೊಡಗಿದವು. ಮಾತಾಡಲು ಯಾರಿಗೂ ಮನಸ್ಸಾಗಲಿಲ್ಲ.

ಈ ಕಾಡಿನಲ್ಲಿ ಬಾರಾಪೇಡೆ ಎಂಬ ಗುಹೆಗಳಿವೆ. ರೋಟನ್ ಬಾವಲಿ ಎಂಬ ಅಪರೂಪದ ಬಾವಲಿ ಅನೇಕ ದಶಕ ಲೋಕಕ್ಕೆ ಗೊತ್ತಿದ್ದದ್ದು ಆ ಗುಹೆಗಳಿಂದ ಮಾತ್ರ. ಅಲ್ಲಿಗೆ ಹೋಗಬೇಕೆಂದು ಕಾವಲುಗಾರರನ್ನು ಕಾಡಬೇಡಿ, ಮನುಷ್ಯರ ಓಡಾಟವೇ ಅವಕ್ಕೆ ಕಂಟಕ. ಖಾನಾಪುರ ತಾಲ್ಲೂಕಿನ ಇದೇ ಘಟ್ಟದ ನೆತ್ತಿಯಲ್ಲಿ ಎರಡು ಹೊಳೆ ಹುಟ್ಟುತ್ತವೆ. ಮಹದಾಯಿ ಪಡುವಣಕ್ಕೆ ಗೋವಾದ ಕಡೆ ಇಳಿಯುತ್ತದೆ. ಕಣಕುಂಬಿಯ ಮಲಪ್ರಭೆ ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇದನ್ನು ಹೇಳಿದಾಗ ಅತ್ತೆ ಬಹಳ ಹೊತ್ತು ಕೂತೇ ಇದ್ದರು. "ಅಂದ್ರ ನಮ್ಮೂರ ಹೊಳಿಗೆ ನೀರ ಬರೂದು ಈ ಗುಡ್ಡದ ಮಳಿಯಿಂದನಾ?" ಹೌದೆಂದೆ. ಅವರ ತವರಿನ ಹೊಲದ ಪಕ್ಕವೇ ಹರಿಯುವ ಹೊಳೆ ಮಲಪ್ರಭೆ.

ಹೆಮ್ಮಡಗಾದಲ್ಲಿ ಹಗಲಿಗೆ ಮಾಡಲು ಹೆಚ್ಚೇನಿಲ್ಲ ಎಂದು ಕೆಲವರು ಅನ್ನುತ್ತಾರೆ, ನಿಜ. ಎರಡು ರಾತ್ರಿ ಮೀರಿದರೆ ಮಕ್ಕಳು ಬೇಸರಪಡಬಹುದು. ಬೇಸಿಗೆಯ ಮಧ್ಯಾಹ್ನ ಬೆವರು ಆರುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದದ್ದು ನಮಗೆ ಉಪಯೋಗಕ್ಕೆ ಬಂತು. ಮೂರಕ್ಕೂ ಆನ್‌ಲೈನಿನಲ್ಲಿ ಮೊದಲೇ ಜಾಗ ಹಿಡಿಯಿರಿ. ಜೋರು ಮಳೆಯ ತಿಂಗಳುಗಳಲ್ಲಿ ಶಿಬಿರ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ.

ನನ್ನನ್ನು ಕೇಳಿದರೆ ಅಕ್ಟೋಬರಿನ ಅಣಶಿ ಮೊದಲು, ಮೇ ಕೊನೆಯ ಹೆಮ್ಮಡಗಾ ಅದರ ಬೆನ್ನಿಗೇ, ಕುಳಗಿ ಮೂರನೆಯದು. ಮಗಳಿಗೆ ಕುಳಗಿಯೇ ಮೇಲು, ಅವಳಿಗೆ ಕಾಡುಕೋಣ ಕಂಡದ್ದು ಅಲ್ಲಿ. ಅತ್ತೆ ಇಬ್ಬರ ಮಾತನ್ನೂ ಒಪ್ಪುವುದಿಲ್ಲ. ಮಳೆ ಬೀಳುವ ಹೊತ್ತಿಗೆ ಸರಿಯಾಗಿ ಇನ್ನೊಮ್ಮೆ ಹೆಮ್ಮಡಗಾಕ್ಕೇ ಕರೆದುಕೊಂಡು ಹೋಗಬೇಕಂತೆ. ಮೊದಲ ಮಳೆ ಆ ಗುಡ್ಡದ ಮೇಲೆ ಬೀಳುವುದನ್ನು ನೋಡಿ, ಎಂ.ಕೆ. ಹುಬ್ಬಳ್ಳಿಯ ತಮ್ಮನಿಗೆ ಫೋನ್ ಹಚ್ಚಿ ನೀರು ಹೊರಟಿತು ಎಂದು ಹೇಳಬೇಕಂತೆ. ಜೂನ್ ಮೊದಲ ವಾರಕ್ಕೆ ಜಾಗ ಕೇಳಿದ್ದೇವೆ.