ಗೇರ್‌ಬಾಕ್ಸ್ ಒಂದೇ, ಬೆರಳಿಗೆ ಸಿಗುವ ಮಜಾ ಬೇರೆ

ಮನೆಯಲ್ಲಿ ಎರಡು ಕಾರು ಇವೆ, ಎರಡೂ ಸೆಕೆಂಡ್ ಹ್ಯಾಂಡ್. ಬಿಎಂಡಬ್ಲ್ಯು 330ಐ ಹೆಂಡತಿಯದು, ಆಲ್ಫಾ ರೋಮಿಯೋ ಜೂಲಿಯಾ ನನ್ನದು. ಎರಡರಲ್ಲೂ 2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಎರಡರಲ್ಲೂ ಬಲ ಹೋಗುವುದು ಹಿಂದಿನ ಗಾಲಿಗೆ. ಉಳಿದ ಅಂಕಿಸಂಖ್ಯೆ ಬಿಡಿ.

ನಾನು ಹೇಳಬೇಕು ಅಂದುಕೊಂಡಿದ್ದು ಗೇರ್ ಪ್ಯಾಡಲ್ ಬಗ್ಗೆ, ಅಂದರೆ ಸ್ಟಿಯರಿಂಗ್ ಹಿಂದೆ ಎರಡೂ ಬದಿಗೆ ಇರುವ, ಬೆರಳಲ್ಲಿ ಎಳೆದು ಗೇರ್ ಬದಲಿಸುವ ಪಟ್ಟಿಗಳ ಬಗ್ಗೆ. ಎರಡು ಕಾರಿಗೂ ಜರ್ಮನಿಯ ಝಡ್‌ಎಫ್ ಕಂಪನಿಯ 8 ಸ್ಪೀಡ್ ಆಟೊಮ್ಯಾಟಿಕ್ ಗೇರ್‌ಬಾಕ್ಸೇ. ಹಾಗಾದರೆ ಗೇರ್ ಬದಲಿಸುವ ಖುಷಿಯೂ ಒಂದೇ ಇರಬೇಕಲ್ವಾ? ಇಲ್ಲ. 330ಐನಲ್ಲಿ ಪ್ಯಾಡಲ್ ಚಿಕ್ಕದು. ಸ್ಟಿಯರಿಂಗ್ ತಿರುಗಿದರೆ ಅದೂ ಜೊತೆಗೇ ತಿರುಗುತ್ತದೆ. ಜೂಲಿಯಾದಲ್ಲಿ ಅದು ಉದ್ದನೆಯ ಅಲ್ಯೂಮಿನಿಯಂ ಪಟ್ಟಿ, ಸ್ಟಿಯರಿಂಗ್ ಹಿಂದಿನ ತಿರುಗದ ಕಂಬಕ್ಕೆ, ಅಂದರೆ ಕಾಲಮ್‌ಗೆ ಕೂರಿಸಿದ್ದಾರೆ. ಸ್ಟಿಯರಿಂಗ್ ಎಷ್ಟೇ ತಿರುಗಿಸಿ, ಅದು ಇದ್ದಲ್ಲೇ ಇರುತ್ತದೆ. ಬಲಗಡೆಯದನ್ನು ಎಳೆದರೆ ಮೇಲಿನ ಗೇರ್, ಎಡಗಡೆಯದನ್ನು ಎಳೆದರೆ ಕೆಳಗಿನದು.

ಬೆಳಿಗ್ಗೆ ಕಾರಿಗೆ ಹತ್ತಿದ ಕೂಡಲೇ ನನ್ನದೊಂದು ಕ್ರಮವಿದೆ. ಸ್ಟಾರ್ಟ್ ಬಟನ್ ಸ್ಟಿಯರಿಂಗ್ ಮೇಲೆಯೇ ಇದೆ, ಅದನ್ನು ಒತ್ತುತ್ತೇನೆ. ಕಾರು ಓಡುವ ರೀತಿ ಆರಿಸುವ ಡಿಎನ್‌ಎ ಡಯಲ್ ತಿರುಗಿಸಿ 'ಡಿ'ಗೆ, ಅಂದರೆ ಡೈನಾಮಿಕ್‌ಗೆ ತರುತ್ತೇನೆ. ಆಮೇಲೆ ಡಯಲ್ ನಡುವಿನ ಬಟನ್ ಒತ್ತಿ ಸಸ್ಪೆನ್ಷನ್ ಮಾತ್ರ ಮೆತ್ತಗೆ ಮಾಡಿಕೊಳ್ಳುತ್ತೇನೆ. ಎಂಜಿನ್ನೂ ಚುರುಕು, ಸೊಂಟಕ್ಕೂ ಸುಖ. ಸಿಗ್ನಲ್ ಹತ್ತಿರ ಬಂದಾಗ ಎಡಗೈ ಬೆರಳಲ್ಲಿ ಟಕ್ ಟಕ್ ಅಂತ ಗೇರ್ ಇಳಿಸುತ್ತೇನೆ. ಸುಮ್ಮನಿದ್ದರೂ ಗೇರ್‌ಬಾಕ್ಸ್ ತಾನೇ ಇಳಿಸುತ್ತದೆ, ಗೊತ್ತು. ಆ ತಣ್ಣನೆಯ ಲೋಹ ಬೆರಳಿಗೆ ಸಿಕ್ಕಿದ ಮೇಲೆ ಸುಮ್ಮನಿರೋಕೆ ಆಗಲ್ಲ.

ಸ್ಟಿಯರಿಂಗ್ ಕೂಡ ಈ ಚಟಕ್ಕೆ ಒಗ್ಗುತ್ತದೆ. ಅನುಪಾತ 11.8:1, ಅಂದರೆ ಕೈ ಸುಮಾರು 12 ಡಿಗ್ರಿ ತಿರುಗಿದರೆ ಗಾಲಿ 1 ಡಿಗ್ರಿ ತಿರುಗುತ್ತದೆ. ಸೆಡಾನ್‌ಗಳ ಮಟ್ಟಿಗೆ ಇದು ತುಂಬಾ ಚುರುಕು. ಸಾಮಾನ್ಯ ತಿರುವುಗಳಲ್ಲಿ ಕೈ ಹಿಡಿದ ಜಾಗ ಬಿಡುವುದೇ ಬೇಡ.

ಇಷ್ಟೆಲ್ಲ ಹೊಗಳಿದ ಮೇಲೂ ದೂರದ ಪ್ರಯಾಣಕ್ಕೆ ನಾವು ತೆಗೆಯುವುದು 330ಐ! ನನಗೆ ಸ್ವಲ್ಪ ಹೊಟ್ಟೆಕಿಚ್ಚೇ. ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಜಾಗ ಜಾಸ್ತಿ. ಪರದೆಯನ್ನು ನಿಯಂತ್ರಿಸುವ ಐಡ್ರೈವ್ ಗುಂಡಿಯನ್ನು ರಸ್ತೆಯಿಂದ ಕಣ್ಣು ತೆಗೆಯದೆ ತಿರುಗಿಸಬಹುದು. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಕೂತರೂ ಆಯಾಸ ಗೊತ್ತಾಗಲ್ಲ. ಜೂಲಿಯಾ ಅಲ್ಲೂ ಚುರುಕಾಗಿಯೇ ಇರುತ್ತದೆ, ನೇರ ರಸ್ತೆಯಲ್ಲೂ ಕೈ ಸಡಿಲ ಬಿಡೋಕೆ ಮನಸ್ಸಾಗಲ್ಲ. "ಕಾರು ಇರೋದು ಊರು ಸೇರೋಕೆ, ಆಟ ಆಡೋಕಲ್ಲ" ಅನ್ನುವುದು ಹೆಂಡತಿಯ ವಾದ. ಇಂಡಿಕೇಟರ್ ಕಡ್ಡಿ ಪ್ಯಾಡಲ್ ಹಿಂದೆ ಅಡಗಿರುವುದನ್ನು ತೋರಿಸಿ ನಗುತ್ತಾಳೆ ಬೇರೆ. ಅದು ನಿಜವೇ, ಬೆರಳು ಸುತ್ತು ಹಾಕಿ ಹೋಗಬೇಕು.

ಹಿಂದಿನ ಸೀಟಿನಲ್ಲಿ ದಿನಾ ದೊಡ್ಡವರು ಕೂರುವುದಾದರೆ 330ಐ ತಗೊಳ್ಳಿ. ನನ್ನ ಹಾಗೆ ಹೆಚ್ಚಾಗಿ ಒಬ್ಬರೇ ಓಡಾಡುವವರಾದರೆ ಜೂಲಿಯಾ. ಹಳೇ ಗಾಡಿ ನೋಡಲು ಹೋದಾಗ ಮೊದಲು ಸ್ಟಿಯರಿಂಗ್ ಹಿಂದೆ ಕೈ ಹಾಕಿ ನೋಡಿ. ಎಲ್ಲ ಜೂಲಿಯಾಗಳಿಗೂ ಆ ಪ್ಯಾಡಲ್ ಬರುವುದಿಲ್ಲ.