ರಾಕ್ ಸಂಗೀತ: ಪ್ರೊಡ್ಯೂಸರ್ ಆಗಬೇಕಾ, ಹಾಡು ಬರೆಯಬೇಕಾ?

ಹಾಡು ಬರೆಯಲು ಒಂದು ಗಿಟಾರ್, ಒಂದು ನೋಟ್‌ಬುಕ್ ಸಾಕು. ದುಡ್ಡು ಮಾತ್ರ ತಡವಾಗಿ ಬರುತ್ತದೆ. ಆದರೆ ಹಾಡು ಗೆದ್ದರೆ, ಬೇರೆ ತಂಡದವರು ಅದನ್ನು ಮತ್ತೆ ರೆಕಾರ್ಡ್ ಮಾಡಿದಾಗಲೂ ಬರೆದವರಿಗೆ ರಾಯಲ್ಟಿ, ಅಂದರೆ ಗಳಿಕೆಯಲ್ಲಿ ಪಾಲು, ಸಿಗುತ್ತದೆ. ಹಳೆಯ ರೆಕಾರ್ಡಿನ ಪ್ರೊಡ್ಯೂಸರ್‌ಗೆ, ಅಂದರೆ ರೆಕಾರ್ಡಿಂಗ್ ಮುನ್ನಡೆಸಿದವರಿಗೆ, ಅದರಲ್ಲಿ ಪಾಲಿಲ್ಲ. ಈ ಎರಡು ಕೆಲಸ ಬೇರೆ ಬೇರೆಯವರು ಮಾಡಿದ್ದಕ್ಕೆ ಬಾನ್ ಜೋವಿ ತಂಡದ 1986ರ ಆಲ್ಬಮ್ ನೋಡಿ. ಕೆಲವು ಹಾಡುಗಳನ್ನು ತಂಡದ ಜೊತೆ ಸೇರಿ ಬರೆದವರು ಡೆಸ್ಮಂಡ್ ಚೈಲ್ಡ್, ಪ್ರೊಡ್ಯೂಸರ್ ಬ್ರೂಸ್ ಫೇರ್‌ಬೇರ್ನ್.

ಪ್ರೊಡ್ಯೂಸರ್ ಕೆಲಸದಲ್ಲಿ ಜನರ ಜೊತೆ ಒಡನಾಟ ಜಾಸ್ತಿ. ಡ್ರಮ್ಸ್ ಹೇಗೆ ಕೇಳಿಸಬೇಕು, ಹಲವು ಸಲ ರೆಕಾರ್ಡ್ ಮಾಡಿದ್ದರಲ್ಲಿ ಯಾವ ಟೇಕ್ ಉಳಿಸಬೇಕು ಅಂತ ತೀರ್ಮಾನಿಸಬೇಕು. ದಣಿದ ಗಾಯಕರಿಗೆ ಧೈರ್ಯವನ್ನೂ ತುಂಬಬೇಕು. ತಾಳ್ಮೆ ಇಲ್ಲದಿದ್ದರೆ ಇದು ಬೇಡ. ಸಾಮಾನ್ಯವಾಗಿ ಮೊದಲೇ ಸ್ವಲ್ಪ ಫೀಸ್ ಸಿಗುತ್ತದೆ, ಆಮೇಲೆ ಮಾರಾಟದಲ್ಲಿ ಸಣ್ಣ ಪಾಲು. ನಿರ್ವಾಣ ತಂಡದ 1993ರ ಆಲ್ಬಮ್ ರೆಕಾರ್ಡ್ ಮಾಡಿದ ಸ್ಟೀವ್ ಆಲ್ಬಿನಿ ಆ ಪಾಲೇ ಬೇಡ ಎಂದು ಬರೀ ಫೀಸ್ ತೆಗೆದುಕೊಂಡರು. ಸಂಗೀತ ಅದನ್ನು ಮಾಡಿದ ತಂಡಕ್ಕೇ ಸೇರಿದ್ದು ಅನ್ನುವ ಅವರ ನಿಲುವು ನನಗೆ ತುಂಬ ಇಷ್ಟ.

ಒಂದನ್ನೇ ಆರಿಸಬೇಕು ಅಂತೇನೂ ಇಲ್ಲ, ಅಲ್ವಾ? ಡೆಫ್ ಲೆಪರ್ಡ್ ತಂಡದ 1987ರ ಆಲ್ಬಮ್‌ಗೆ ಮಟ್ ಲ್ಯಾಂಗ್ ಪ್ರೊಡ್ಯೂಸರ್ ಆಗಿದ್ದರು, ಹಾಡುಗಳನ್ನೂ ತಂಡದ ಜೊತೆ ಬರೆದರು. ನಾನಾದರೆ ಬರೆಯುವುದರಿಂದ ಶುರು ಮಾಡಿ ಎನ್ನುತ್ತೇನೆ. ಒಳ್ಳೆಯ ಹಾಡು ಗುರುತಿಸುವ ಕಿವಿ ಅಲ್ಲೇ ಬೆಳೆಯುತ್ತದೆ.