ರೂಟ್ ಕೆನಾಲ್, ಕೀಳಿಸುವುದು, ಇಂಪ್ಲಾಂಟ್: ಯಾವ ಹಲ್ಲಿಗೆ ಯಾವುದು?

ಹಲ್ಲುನೋವೆಂದು ಬಂದವರು ಕುರ್ಚಿಯಲ್ಲಿ ಕೂರುತ್ತಲೇ ಕೇಳುವ ಪ್ರಶ್ನೆ ಒಂದೇ: ರೂಟ್ ಕೆನಾಲ್ (ಬೇರಿನೊಳಗಿನ ನಾಳದ ತಿರುಳು ತೆಗೆದು, ತೊಳೆದು, ತುಂಬಿ ಮುಚ್ಚುವುದು) ಮಾಡಿಸಲೋ, ಕೀಳಿಸಿಬಿಡಲೋ? ನೋವು ನೋಡಿ ಇದನ್ನು ತೀರ್ಮಾನಿಸಲಾಗದು. ರಾತ್ರಿಯಿಡೀ ನಿದ್ದೆಗೆಡಿಸಿದ ಹಲ್ಲು ಸುಲಭವಾಗಿ ಉಳಿಯಬಹುದು, ಒಂದು ದಿನವೂ ನೋಯದ ಹಲ್ಲು ಉಳಿಸಲಾಗದಷ್ಟು ಕೆಟ್ಟಿರಬಹುದು. ನಾವು ಮೊದಲು ನೋಡುವುದು ಹುಳುಕನ್ನೆಲ್ಲ ಕೆರೆದು ತೆಗೆದ ಮೇಲೆ ವಸಡಿನಿಂದ ಮೇಲಕ್ಕೆ ಗಟ್ಟಿ ಹಲ್ಲು ಎಷ್ಟು ನಿಂತಿದೆ ಎಂಬುದನ್ನು. ಸುತ್ತಲೂ ಸುಮಾರು 2 ಮಿ.ಮೀ. ಎತ್ತರದ ಗೋಡೆ ಸಿಕ್ಕರೆ ಕ್ಯಾಪ್ (ಹಲ್ಲಿನ ಮೇಲೆ ಕೂರಿಸುವ ಟೋಪಿ) ಅದನ್ನು ಬಳೆಯಂತೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸಿಗದಿದ್ದರೆ, ಬೇರಿನೊಳಗಿನ ಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ, ಒಂದು ದಿನ ಕ್ಯಾಪು ಮುರಿದ ಹಲ್ಲಿನ ತುಂಡಿನ ಸಮೇತ ಕೈಗೆ ಬರುತ್ತದೆ. ಮುಂದಿನ ಹೋಲಿಕೆಗಳಿಗೆಲ್ಲ ಅರ್ಥ ಬರುವುದು ಈ 2 ಮಿ.ಮೀ. ಇದ್ದಾಗ ಮಾತ್ರ.

ಫಿಲ್ಲಿಂಗ್, ಅರ್ಧ ತಿರುಳು, ಪೂರ್ತಿ ರೂಟ್ ಕೆನಾಲ್

ತಣ್ಣೀರೋ ಸಿಹಿಯೋ ತಾಗಿದಾಗ ಜುಮ್ಮೆಂದು ಕೆಲವೇ ಸೆಕೆಂಡಿನಲ್ಲಿ ಸುಮ್ಮನಾಗುವ ಹಲ್ಲಿಗೆ ಸಾಮಾನ್ಯವಾಗಿ ಫಿಲ್ಲಿಂಗ್ ಸಾಕು. ತಣ್ಣೀರಿನ ನೋವು ಅರ್ಧ ನಿಮಿಷ ದಾಟಿಯೂ ಉಳಿದರೆ, ಏನೂ ತಾಗದೆ ತಾನಾಗಿಯೇ ಎದ್ದರೆ, ಮಲಗಿದಾಗ ಹೆಚ್ಚಾದರೆ, ಒಳಗಿನ ತಿರುಳು (ರೋಗಿಗಳು ನರ ಎನ್ನುವುದು ಇದನ್ನೇ) ತಾನಾಗಿ ಸುಧಾರಿಸುವ ಹಂತ ಮೀರಿದೆ ಎಂದು ಲೆಕ್ಕ. ಇದನ್ನು ಬಾಯಿಮಾತಿನಲ್ಲಿ ಬಿಡದೆ ಪರೀಕ್ಷಿಸಬೇಕು. ಚಿಕ್ಕ ಹತ್ತಿಯುಂಡೆಗೆ ಶೀತದ ಸ್ಪ್ರೇ ಹೊಡೆದು ಮೊದಲು ಪಕ್ಕದ ಒಳ್ಳೆಯ ಹಲ್ಲಿಗೆ, ಆಮೇಲೆ ಅನುಮಾನದ ಹಲ್ಲಿಗೆ ತಾಗಿಸುತ್ತೇವೆ. ತಂಪು ತಿಳಿದಾಗ ಕೈ ಎತ್ತಿ, ಹೋದಾಗ ಇಳಿಸಿ ಎನ್ನುತ್ತೇವೆ. ಒಳ್ಳೆಯ ಹಲ್ಲಿಗೆ ಎತ್ತಿದ ಕೈ ಬೇಗ ಇಳಿಯುತ್ತದೆ. ಕೆಟ್ಟ ಹಲ್ಲಿಗೆ ಎತ್ತಿದ ಕೈ ಮೇಲೆಯೇ ಇರುತ್ತದೆ, ಇಲ್ಲವೇ ತಿರುಳು ಸತ್ತಿದ್ದರೆ ಮೇಲೇಳುವುದೇ ಇಲ್ಲ. ವಾರಗಟ್ಟಲೆ ಕಾಡಿದ ನೋವು ಒಮ್ಮೆಗೇ ನಿಂತುಹೋಯಿತೆಂದು ಖುಷಿಪಡುವವರು ಹೆಚ್ಚಾಗಿ ಈ ಕೊನೆಯ ಗುಂಪಿನವರು. ಸತ್ತ ತಿರುಳು ನೋಯುವುದಿಲ್ಲ, ಸೋಂಕು ಮಾತ್ರ ಬೇರಿನ ತುದಿಯಿಂದಾಚೆ ಮೂಳೆಗೆ ಇಳಿಯುತ್ತಿರುತ್ತದೆ.

ತಿರುಳಿಗೆ ಜೀವವಿದ್ದರೆ ಪೂರ್ತಿ ರೂಟ್ ಕೆನಾಲಿಗೆ ಒಂದು ಪ್ರತಿಸ್ಪರ್ಧಿ ಇದೆ: ಕಿರೀಟಭಾಗದ ತಿರುಳನ್ನಷ್ಟೇ ತೆಗೆದು, ಬೇರಿನೊಳಗಿನದನ್ನು ಹಾಗೇ ಬಿಟ್ಟು, ಮೇಲೆ ಎಂಟಿಎ ಅಥವಾ ಬಯೋಡೆಂಟಿನ್ ಥರದ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟ್ ಮುಚ್ಚುವ ಪಲ್ಪಾಟಮಿ. ಹಿಂದೆ ಇದು ಮಕ್ಕಳ ಹಲ್ಲಿಗೆ ಮೀಸಲಾಗಿತ್ತು, ಈಗ ದೊಡ್ಡವರಿಗೂ ಮಾಡುತ್ತೇವೆ. ಹಲ್ಲನ್ನು ಕಡಿಮೆ ಕೊರೆದರಾಯಿತು, ಸಾಮಾನ್ಯವಾಗಿ ಒಂದೇ ಸಲಕ್ಕೆ ಮುಗಿಯುತ್ತದೆ. ಆದರೆ ತೀರ್ಪು ಹೇಳುವುದು ರಕ್ತ. ಹೈಪೋಕ್ಲೋರೈಟ್‌ನಲ್ಲಿ (ಸೂಕ್ಷ್ಮಾಣು ಕೊಲ್ಲುವ ದ್ರಾವಣ) ನೆನೆಸಿದ ಹತ್ತಿ ಒತ್ತಿ ಕೆಲವು ನಿಮಿಷ ಕಾದರೂ ರಕ್ತ ನಿಲ್ಲದಿದ್ದರೆ ಉರಿಯೂತ ಬೇರಿನೊಳಗೂ ಇಳಿದಿದೆ, ಅಲ್ಲಿಂದ ಪೂರ್ತಿ ರೂಟ್ ಕೆನಾಲೇ ದಾರಿ. ಬೇರಿನ ತುದಿ ಇನ್ನೂ ಕೂಡಿಕೊಳ್ಳದ ಎಳೆಯರ ಹಲ್ಲಿಗೆ ನಮ್ಮ ಮೊದಲ ಆಯ್ಕೆ ಪಲ್ಪಾಟಮಿ. ಕ್ಯಾಪಿಗಾಗಿ ಹೇಗೂ ಪೂರ್ತಿ ಕೊರೆಯಬೇಕಾದ, ತೀರಾ ಹಾಳಾದ ದವಡೆ ಹಲ್ಲಿಗೆ ರೂಟ್ ಕೆನಾಲ್ ಲೇಸು. ಪಲ್ಪಾಟಮಿ ಮಾಡಿ ಮುಂದೆ ತೊಂದರೆಯಾದರೆ ಹೊಸ ಕ್ಯಾಪನ್ನೇ ತೂತು ಮಾಡಬೇಕಾದೀತು.

ಒಂದೇ ಸಿಟ್ಟಿಂಗೋ, ಎರಡು ಮೂರೋ

ಇಲ್ಲಿ ರೋಗಿಗಳು ತಲೆ ಕೆಡಿಸಿಕೊಳ್ಳುವಷ್ಟು ವ್ಯತ್ಯಾಸವಿಲ್ಲ. ತಿರುಳಿಗೆ ಜೀವವಿದ್ದು ಸೋಂಕು ಬೇರಿನ ತುದಿ ಮುಟ್ಟದಿದ್ದರೆ ಒಂದೇ ಸಲಕ್ಕೆ ಮುಗಿಸುವುದು ಸರಿ. ಕೀವು ಒಸರುತ್ತಿದ್ದರೆ, ನಾಳ ಒಣಗದಿದ್ದರೆ, ಊತವಿದ್ದರೆ ನಡುವೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಔಷಧಿಯ ಪೇಸ್ಟ್ ತುಂಬಿ ಒಂದು ವಾರವಾದರೂ ಬಿಡಬೇಕು. ಎರಡು ಸಲ ಬರುವುದರಲ್ಲಿ ಇರುವ ಅಪಾಯ ಮಧ್ಯದ ಬಿಡುವು. ತಾತ್ಕಾಲಿಕ ಸಿಮೆಂಟು ಕನಿಷ್ಠ 3.5 ಮಿ.ಮೀ. ದಪ್ಪವಿರಬೇಕು, ಇದ್ದರೂ ಕೆಲವು ವಾರಗಳಷ್ಟೇ ಬಾಳುತ್ತದೆ. ನೋವು ಹೋಯಿತೆಂದು ಮೂರು ತಿಂಗಳು ಮರೆತವರ ನಾಳಕ್ಕೆ ಜೊಲ್ಲು ಇಳಿದು, ತೊಳೆದ ಕೆಲಸವೆಲ್ಲ ನೀರುಪಾಲಾಗಿರುತ್ತದೆ.

ನಾಳ ಕೆರೆಯುವ ಸೂಜಿಯಂಥ ಫೈಲು ಕೈಯದೋ, ಮೆಷಿನಿನದೋ ಎಂಬುದು ಜಾಹೀರಾತಿನಲ್ಲಿ ಕಾಣುವಷ್ಟು ದೊಡ್ಡ ಪ್ರಶ್ನೆಯಲ್ಲ. ನಿಕಲ್ ಟೈಟಾನಿಯಂನ ಮೆಷಿನ್ ಫೈಲು ಬಾಗಿದ ನಾಳದಲ್ಲಿ ತಾನೂ ಬಾಗಿ ಸಾಗುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಮುರಿಯುವಾಗ ಮುನ್ಸೂಚನೆ ಕೊಡದೆ ಮುರಿಯುವುದೂ ಅದೇ. ಸ್ಟೀಲಿನ ಕೈ ಫೈಲು ಗಡುಸು, ಸುರುಳಿ ಬಿಚ್ಚಿಕೊಂಡು ಎಚ್ಚರಿಸುತ್ತದೆ. ನಾಳದ ದಾರಿ ಮೊದಲು ಹುಡುಕುವುದು ಇಂದಿಗೂ 8, 10ನೇ ನಂಬರಿನ ಕೈ ಫೈಲಿನಿಂದಲೇ. ಯಾವ ಫೈಲೂ ನಾಳದ ಎಲ್ಲ ಗೋಡೆಯನ್ನು ಮುಟ್ಟುವುದಿಲ್ಲ. ಮುಟ್ಟದ ಜಾಗವನ್ನು ತೊಳೆಯುವುದು ಸೋಡಿಯಂ ಹೈಪೋಕ್ಲೋರೈಟ್, ಕೊನೆಯಲ್ಲಿ ಸುಮಾರು ಒಂದು ನಿಮಿಷ ಶೇ 17ರ ಇಡಿಟಿಎ (ಗೋಡೆಗಂಟಿದ ಪುಡಿ ಕರಗಿಸುವ ದ್ರಾವಣ).

ಅದಕ್ಕೇ ರೋಗಿಗಳು ಕೇಳಬೇಕಾದ್ದು ಮೆಷಿನಿನ ಹೆಸರನ್ನಲ್ಲ, ರಬ್ಬರ್ ಡ್ಯಾಮ್ ಹಾಕುತ್ತೀರಾ ಎಂದು. ತೆಳ್ಳನೆಯ ಆ ಹಾಳೆಯ ತೂತಿನಿಂದ ಒಂದು ಹಲ್ಲು ಮಾತ್ರ ಹೊರಗೆ ಇಣುಕುತ್ತದೆ, ಬಾಯಿ ಪೂರ್ತಿ ಆಚೆ ಉಳಿಯುತ್ತದೆ. ಜೊಲ್ಲು ಒಳಗೆ ಹೋಗುವುದಿಲ್ಲ, ಫೈಲಾಗಲೀ ಹೈಪೋಕ್ಲೋರೈಟಾಗಲೀ ಗಂಟಲಿಗೆ ಜಾರುವುದಿಲ್ಲ. ಎರಡನೆಯ ಪ್ರಶ್ನೆ: ಎಷ್ಟು ನಾಳ ಸಿಕ್ಕವು? ಮೇಲಿನ ಬಾಚಿಹಲ್ಲಿಗೆ ಸಾಮಾನ್ಯವಾಗಿ ಒಂದು, ಕೆಳಗಿನ ಮೊದಲ ದವಡೆ ಹಲ್ಲಿಗೆ ಮೂರೋ ನಾಲ್ಕೋ. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ನಾಲ್ಕನೆಯ ನಾಳ ಹೆಚ್ಚಾಗಿಯೇ ಇರುತ್ತದೆ, ಕೂದಲೆಳೆಯಷ್ಟು ಸಣ್ಣದು. ಅದು ತಪ್ಪಿದ ಹಲ್ಲುಗಳು ವರ್ಷವೋ ಎರಡು ವರ್ಷವೋ ಬಿಟ್ಟು ಮತ್ತೆ ಕುರ್ಚಿಗೆ ಬರುತ್ತವೆ.

ಮರಗಟ್ಟಿಸುವ ಇಂಜೆಕ್ಷನ್ ಬಗ್ಗೆಯೂ ಒಂದು ಮಾತು. ಕೆಳದವಡೆಯ ಹಲ್ಲು ಕೆರಳಿದ್ದಾಗ ತುಟಿ ಪೂರ್ತಿ ಜಡವಾದರೂ ಹಲ್ಲು ಎಚ್ಚರವಾಗಿಯೇ ಇರುವುದುಂಟು. ತಡೆದುಕೊಳ್ಳಬೇಡಿ, ಕೈ ಎತ್ತಿ. ಹಲ್ಲಿನ ಪಕ್ಕದ ಸಂದಿಗೆ ಅಥವಾ ಕೆನ್ನೆಯ ಕಡೆಗೆ ಇನ್ನೊಂದು ಇಂಜೆಕ್ಷನ್ ಕೊಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಮಾತ್ರೆಯೊಂದೇ ಸಾಕೇ?

ಸಾಲದು. ತಿರುಳಿನ ಉರಿಯೂತದ ನೋವಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಸತ್ತ ತಿರುಳಿಗೆ ರಕ್ತವೇ ಹರಿಯದಿರುವಾಗ ಔಷಧಿ ಅಲ್ಲಿಗೆ ತಲುಪುವುದಾದರೂ ಹೇಗೆ? ಅದು ಬೇಕಾಗುವುದು ಊತ ಹರಡುತ್ತಿದ್ದರೆ, ಜ್ವರವಿದ್ದರೆ, ಅದೂ ಹಲ್ಲಿನ ಚಿಕಿತ್ಸೆಯ ಜೊತೆಗೆ. ನೋವಿಗೆ ಐಬುಪ್ರೊಫೆನ್ 400 ಮಿ.ಗ್ರಾಂ. ಜೊತೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಒಟ್ಟಿಗೆ ತೆಗೆದುಕೊಂಡರೆ ಒಂದೊಂದೇ ನುಂಗಿದ್ದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ ಇರುವವರು, ರಕ್ತ ತೆಳುಮಾಡುವ ಮಾತ್ರೆ ನುಂಗುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಐಬುಪ್ರೊಫೆನ್ ಮುಟ್ಟಬಾರದು. ಊತ ದವಡೆಯ ಕೆಳಕ್ಕೆ ಇಳಿದು ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಅದು ಡೆಂಟಲ್ ಕ್ಲಿನಿಕ್ಕಿನ ಕೆಲಸವಲ್ಲ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು.

ಉಳಿಸಿದ ಹಲ್ಲು, ಹಾಕಿಸಿದ ಹಲ್ಲು

ಕೀಳಿಸಿದ ಹಲ್ಲಿನ ಜಾಗದಲ್ಲಿ ಮೂಳೆಗೆ ಸ್ಕ್ರೂ ಕೂರಿಸಿ ಕಟ್ಟುವ ಕೃತಕ ಹಲ್ಲೇ ಇಂಪ್ಲಾಂಟ್. ಅದರ ಪರ ಮಾತಾಡುವವರು ಶೇಕಡಾ ಲೆಕ್ಕ ಮುಂದಿಡುತ್ತಾರೆ. ಆ ಲೆಕ್ಕದಲ್ಲಿ ಒಂದು ತೊಡಕಿದೆ. ಇಂಪ್ಲಾಂಟು ದವಡೆಯಲ್ಲಿ ನಿಂತಿದ್ದರೆ ಸಾಕು, ಗೆದ್ದಂತೆ ಎಣಿಸುತ್ತಾರೆ. ರೂಟ್ ಕೆನಾಲ್ ಗೆಲ್ಲಬೇಕಾದರೆ ಹಲ್ಲು ನಿಂತಿದ್ದರಷ್ಟೇ ಸಾಲದು, ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಪ್ಪು ನೆರಳೂ (ಸೋಂಕಿಗೆ ಮೂಳೆ ಕರಗಿದ ಗುರುತು) ಮಾಯವಾಗಬೇಕು. ಎರಡನ್ನೂ ಬಾಯಲ್ಲಿ ಉಳಿದಿದೆಯೇ ಎಂಬ ಒಂದೇ ಅಳತೆಗೋಲಿನಲ್ಲಿ ಅಳೆದರೆ ಹೆಚ್ಚುಕಡಿಮೆ ಸಮಸಮ.

ಹಾಗಾದರೆ ಆಯ್ಕೆ ನಿಲ್ಲುವುದು ಬೇರೆ ಸಂಗತಿಗಳ ಮೇಲೆ. ಕಾಲ ನೋಡಿ: ರೂಟ್ ಕೆನಾಲು, ಕ್ಯಾಪು ಸೇರಿ ಕೆಲವು ವಾರ. ಕೀಳಿಸಿ, ಗಾಯ ಮಾಗಿ, ಟೈಟಾನಿಯಂ ಸ್ಕ್ರೂ ಮೂಳೆಗೆ ಬೆಸೆದುಕೊಳ್ಳಲು ಇನ್ನೂ ಮೂರರಿಂದ ಆರು ತಿಂಗಳು ಕಾಯುವ ಇಂಪ್ಲಾಂಟಿಗೆ ಅರ್ಧ ವರ್ಷ ಮೀರುವುದು ಸಾಮಾನ್ಯ. ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಸುತ್ತಲ ಮೂಳೆ ಸೋಂಕಿನಿಂದ ಕರಗುವುದುಂಟು, ಬೀಡಿ ಸಿಗರೇಟು ಸೇದುವವರಲ್ಲಿ, ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಇನ್ನೂ ಹೆಚ್ಚು. ಸ್ವಂತ ಹಲ್ಲಿನ ಬೇರಿಗೆ ಸುತ್ತಲೂ ತಂತುಗಳ ಹಾಸು ಇದೆ, ಅಕ್ಕಿಯಲ್ಲಿನ ಕಲ್ಲು ಕಚ್ಚಿದ ಕ್ಷಣವೇ ದವಡೆಯನ್ನು ತಡೆಯುವುದು ಅದು. ಇಂಪ್ಲಾಂಟಿಗೆ ಅದಿಲ್ಲ. ದವಡೆ ಬೆಳೆಯುವುದು ಮುಗಿಯದ ಹುಡುಗ ಹುಡುಗಿಯರಿಗಂತೂ ಇಂಪ್ಲಾಂಟ್ ಹಾಕುವಂತೆಯೇ ಇಲ್ಲ. ನಮ್ಮ ನಿಲುವು ಇಷ್ಟು: 2 ಮಿ.ಮೀ. ಗೋಡೆಯೂ ಗಟ್ಟಿ ವಸಡೂ ಇದ್ದರೆ ಹಲ್ಲು ಉಳಿಸಿ. ಅವಿಲ್ಲದ ಹಲ್ಲನ್ನು ಹಟಕ್ಕೆ ಬಿದ್ದು ಉಳಿಸಲು ಹೋಗಿ, ಮತ್ತೆ ಮತ್ತೆ ರಿಪೇರಿ ಮಾಡಿ, ಕೊನೆಗೆ ಇಂಪ್ಲಾಂಟಿಗೆ ಬೇಕಾದ ಮೂಳೆಯನ್ನೂ ಕಳೆದುಕೊಳ್ಳಬೇಡಿ.

ಬ್ರಿಡ್ಜ್ (ಅಕ್ಕಪಕ್ಕದ ಹಲ್ಲುಗಳ ಕ್ಯಾಪಿಗೆ ಬೆಸೆದು ನಡುವೆ ಕೂರಿಸುವ ಹಲ್ಲು) ನಮಗೆ ಒಪ್ಪಿಗೆಯಾಗುವುದು ಅಕ್ಕಪಕ್ಕದ ಹಲ್ಲಿಗೂ ಹೇಗಿದ್ದರೂ ಕ್ಯಾಪ್ ಬೇಕಾಗಿದ್ದಾಗ. ಒಂದು ಹಲ್ಲಿನ ಜಾಗ ತುಂಬಲು ಎರಡು ಗಟ್ಟಿ ಹಲ್ಲನ್ನು ಸವೆಸುವುದು ದುಬಾರಿ ವ್ಯಾಪಾರ. ತೆಗೆದು ಹಾಕುವ ಸೆಟ್ಟು ಒಂದೇ ಹಲ್ಲಿಗೆ ಕಿರಿಕಿರಿ, ಹಲವು ಹಲ್ಲು ಹೋದವರಿಗೆ ಉಪಯೋಗಿ. ಏನೂ ಹಾಕಿಸದಿರುವುದೂ ಒಂದು ಆಯ್ಕೆ ಎಂದು ಯಾರೂ ಹೇಳುವುದಿಲ್ಲ. ಕೊನೆಯ ದವಡೆ ಹಲ್ಲು ಹೋಗಿ, ಅದಕ್ಕೆ ಎದುರು ಹಲ್ಲೂ ಇಲ್ಲದಿದ್ದರೆ ಸುಮ್ಮನಿರಬಹುದು. ಮಧ್ಯದ ಹಲ್ಲು ಹೋದರೆ ಮಾತ್ರ ಪಕ್ಕದವು ಖಾಲಿ ಜಾಗಕ್ಕೆ ವಾಲುತ್ತವೆ, ಎದುರಿನದು ಉದ್ದವಾಗಿ ಇಳಿಯುತ್ತದೆ.

ಮೂಳೆಸವೆತಕ್ಕೆ ಬಿಸ್ಫಾಸ್ಫೊನೇಟ್ ಅಥವಾ ಡೆನೊಸುಮ್ಯಾಬ್ ತೆಗೆದುಕೊಳ್ಳುವವರಿಗೆ, ದವಡೆಗೆ ವಿಕಿರಣ ಚಿಕಿತ್ಸೆಯಾದವರಿಗೆ ತಕ್ಕಡಿ ಪೂರ್ತಿ ಒಂದೇ ಕಡೆ ವಾಲುತ್ತದೆ. ಕೀಳಿಸಿದ ಗಾಯ ಮಾಗದೆ ದವಡೆಮೂಳೆ ಕೊಳೆಯುವ ಅಪಾಯವಿರುವುದರಿಂದ, ಕ್ಯಾಪಿಗೆ ಆಧಾರವಿಲ್ಲದ ಬೇರನ್ನೂ ರೂಟ್ ಕೆನಾಲ್ ಮಾಡಿ ಮುಚ್ಚಿ ಬಿಡುವುದುಂಟು. ಈ ಔಷಧಿಗಳ ಹೆಸರನ್ನು ಕೇಳದಿದ್ದರೂ ನೀವಾಗಿಯೇ ಹೇಳಿ.

ಕ್ಯಾಪೋ, ಫಿಲ್ಲಿಂಗೋ

ಬಾಚಿಹಲ್ಲಿನಲ್ಲಿ ಹಿಂದುಗಡೆ ಕೊರೆದ ತೂತು ಬಿಟ್ಟು ಉಳಿದದ್ದೆಲ್ಲ ಗಟ್ಟಿಯಿದ್ದರೆ ಫಿಲ್ಲಿಂಗ್ ಸಾಕು. ದವಡೆ ಹಲ್ಲಿಗೆ, ಅದರಲ್ಲೂ ಪಕ್ಕದ ಗೋಡೆ ಹೋದದ್ದಕ್ಕೆ, ಮೊನೆಗಳನ್ನು ಮುಚ್ಚುವ ಕ್ಯಾಪ್ ಬೇಕೇಬೇಕು, ಅದೂ ಕೆಲವೇ ವಾರಗಳೊಳಗೆ. ಪೂರ್ತಿ ಲೋಹದ ಕ್ಯಾಪಿಗೆ ಹಲ್ಲು ಕಡಿಮೆ ಸವೆಸಿದರಾಯಿತು, ಚೂರು ಏಳುವ ಭಯವಿಲ್ಲ, ನೋಡಲು ಮಾತ್ರ ಚೆನ್ನಲ್ಲ. ಲೋಹದ ಮೇಲೆ ಪಿಂಗಾಣಿ ಕೂರಿಸಿದ್ದಕ್ಕೆ ಹೆಚ್ಚು ಸವೆಸಬೇಕು, ಪಿಂಗಾಣಿ ಎದ್ದುಹೋಗುವುದುಂಟು. ಜಿರ್ಕೋನಿಯಾ ಗಟ್ಟಿಯೂ ಹೌದು, ಬಿಳಿಯೂ ಹೌದು. ಮುಂದೆ ಅದರ ಮೂಲಕ ಕೊರೆಯುವ ಪ್ರಸಂಗ ಬಂದರೆ ಡ್ರಿಲ್ಲಿಗೆ ಕಷ್ಟ. ಹಿಂದಿನ ಹಲ್ಲಿಗೆ ನಾವಾದರೆ ಲೋಹವನ್ನೇ ಆರಿಸುತ್ತೇವೆ, ರೋಗಿಗಳು ಒಪ್ಪುವುದು ಅಪರೂಪ.

ಮಾಡಿಸಿದ್ದು ಕೈಕೊಟ್ಟರೆ

ಮುಗಿದ ಮೇಲೆ ಎರಡು ಮೂರು ದಿನ ಕಚ್ಚಿದರೆ ನೋವು ಸಹಜ. ಎಕ್ಸ್‌ರೇಯಲ್ಲಿನ ಆ ಕಪ್ಪು ನೆರಳು ಹೋಗಲು ತಿಂಗಳುಗಳೇ ಬೇಕು. ಒಂದು ವರ್ಷಕ್ಕೆ ಎಕ್ಸ್‌ರೇ ತೆಗೆದು ನೋಡಬೇಕು, ಕುಗ್ಗುತ್ತಿದ್ದರೆ ನಾಲ್ಕು ವರ್ಷದವರೆಗೂ ಕಾಯಬಹುದು. ಬೆಳೆಯುತ್ತಿದ್ದರೆ ಎರಡು ದಾರಿ. ನಾಳಕ್ಕೆ ತುಂಬಿದ ಹಳೆಯ ಗಟ್ಟಾಪರ್ಚಾ (ರಬ್ಬರಿನಂಥ ವಸ್ತು) ಬೇರಿನ ತುದಿಗಿಂತ ತುಂಬ ಮೇಲೆಯೇ ನಿಂತಿದ್ದರೆ, ನಾಳ ತಪ್ಪಿದ್ದರೆ, ಕ್ಯಾಪ್ ಸೋರುತ್ತಿದ್ದರೆ ಮೇಲಿನಿಂದಲೇ ಬಿಚ್ಚಿ ಮತ್ತೆ ಮಾಡುವುದು ಸರಿ. ಒಳಗೆ ಎಲ್ಲ ಸರಿಯಿದ್ದೂ ನೆರಳು ಹೋಗದಿದ್ದರೆ, ಅಥವಾ ಪೋಸ್ಟ್ (ಕ್ಯಾಪಿನ ಆಧಾರಕ್ಕೆ ಬೇರಿನೊಳಗೆ ಕೂರಿಸಿದ ಕಡ್ಡಿ) ಕೀಳಲು ಹೋದರೆ ಹಲ್ಲಿನ ಬೇರು ಸೀಳುವಂತಿದ್ದರೆ, ವಸಡು ಬಿಡಿಸಿ ಬೇರಿನ ತುದಿಯ 3 ಮಿ.ಮೀ. ಕತ್ತರಿಸಿ ಅಲ್ಲಿಂದ ಎಂಟಿಎ ತುಂಬುತ್ತೇವೆ. ಒಳಗೆ ಫೈಲಿನ ತುಂಡು ಮುರಿದು ಉಳಿದ ಮಾತ್ರಕ್ಕೆ ಹಲ್ಲು ಕೀಳಬೇಕಿಲ್ಲ. ಅದರಾಚೆಗಿನ ನಾಳ ಶುದ್ಧವಾಗಿತ್ತೇ ಎಂಬುದು ಮುಖ್ಯ. ಬೇರು ಉದ್ದುದ್ದಕ್ಕೆ ಸೀಳಿದ್ದರೆ ಈ ಎರಡೂ ದಾರಿ ಮುಚ್ಚಿದಂತೆ. ವಸಡಿನ ಅಂಚಿನಲ್ಲಿ ಅಳತೆಕಡ್ಡಿ ಎಲ್ಲ ಕಡೆ 2, 3 ಮಿ.ಮೀ. ಇಳಿದು, ಒಂದೇ ಒಂದು ಕಡೆ ಸಟ್ಟನೆ 8, 9 ಮಿ.ಮೀ. ಆಳಕ್ಕೆ ಹೋಯಿತೆಂದರೆ ಆ ಸೀಳಿನ ಅನುಮಾನ ಬಲವಾಗುತ್ತದೆ. ಸೀಳು ಕಣ್ಣಿಗೇ ಕಂಡ ಮೇಲೆ, ಒಂದೇ ಬೇರಿನ ಹಲ್ಲಾದರೆ, ಕೀಳುವುದೊಂದೇ ಉಳಿಯುತ್ತದೆ.